ಬೊರಿವಲಿಯ ಗೆಳೆಯರಿಗೆ: ಸಂಸದರ ದಾಖಲೆ ಎಲ್ಲಿ ಸಿಗುತ್ತದೆ

ನಮಸ್ಕಾರ. ಕಾಪಿರೈಟ್ ಮತ್ತು ಮೊಬೈಲ್ ರಿಪೇರಿ ಹಕ್ಕಿನ (ಕೊಂಡ ಫೋನನ್ನು ನಮಗೆ ಬೇಕಾದಲ್ಲಿ ದುರಸ್ತಿ ಮಾಡಿಸಿಕೊಳ್ಳುವ ಹಕ್ಕು) ವಿಷಯದಲ್ಲಿ ನಮ್ಮ ಸಂಸದರು ಯಾವ ಕಡೆ ಮತ ಹಾಕಿದ್ದಾರೆ, ಎಲ್ಲಿ ನೋಡಬೇಕು ಎಂದು ಕೇಳಿದ್ದೀರಿ. ಹೆಸರು ಹೆಸರಾಗಿ ಸಿಗುವುದು ಕಷ್ಟ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಮತ ಎಣಿಸಿದರೂ, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಇದ್ದರೆ ಅದು ಪಕ್ಷದ ಮತ.

ಹಾಗಾಗಿ ಭಾಷಣ ಓದಿ. 2012ರ ಕಾಪಿರೈಟ್ ತಿದ್ದುಪಡಿಯ ಚರ್ಚೆ ಸಂಸತ್ತಿನ ಜಾಲತಾಣದಲ್ಲಿದೆ. ಮಂಡಿಸಿದವರು ಆಗಿನ ಸಚಿವ ಕಪಿಲ್ ಸಿಬಲ್. ಹಾಡು ಬರೆಯುವವರ ರಾಯಲ್ಟಿಗಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ವಾದಿಸಿದವರು ನಮ್ಮ ಮುಂಬೈಯ ಗೀತರಚನೆಕಾರ ಜಾವೇದ್ ಅಖ್ತರ್. ಅಂಧರು ಪುಸ್ತಕವನ್ನು ತಮಗೆ ಓದಲಾಗುವ ರೂಪಕ್ಕೆ ತಂದುಕೊಳ್ಳಲು ಅನುಮತಿ ಬೇಡವೆಂದದ್ದೂ ಇದೇ ತಿದ್ದುಪಡಿ. ನನ್ನ ಮಟ್ಟಿಗೆ ಅದರ ಅತಿ ದೊಡ್ಡ ಕೆಲಸ ಅದು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ (ನಕಲು ತಡೆಯಲು ಹಾಕಿದ ತಾಂತ್ರಿಕ ರಕ್ಷಣೆ) ಒಡೆಯುವುದು ಅಪರಾಧವಾದದ್ದೂ ಆಗಲೇ.

ನಿಮ್ಮ ಉತ್ತರ ಮುಂಬೈಯಿಂದ 2024ರಲ್ಲಿ ಗೆದ್ದ ಪೀಯೂಷ್ ಗೋಯಲ್ ಸಚಿವರು. ಸಚಿವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಆ ಉತ್ತರಗಳನ್ನೇ ಹುಡುಕಿ. ಗ್ರಾಹಕ ವ್ಯವಹಾರಗಳ ಖಾತೆ ಅವರ ಬಳಿ ಇದ್ದಾಗ, 2022ರ ಡಿಸೆಂಬರ್‌ನಲ್ಲಿ, ರಿಪೇರಿ ಹಕ್ಕಿನ ಪೋರ್ಟಲ್ ಶುರುವಾಯಿತು. ಬಿಡಿಭಾಗ ಕೊಡಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕುವ ಪ್ರತ್ಯೇಕ ಕಾನೂನು ಮಾತ್ರ ಜೊತೆಗೆ ಬರಲಿಲ್ಲ. ಅವರ ಕಚೇರಿಗೆ ಪತ್ರ ಬರೆದರೆ ಅದನ್ನೇ ಕೇಳಿ, ಮರಾಠಿಯಲ್ಲಾಗಲಿ ಹಿಂದಿಯಲ್ಲಾಗಲಿ.