ಅತೀಂದ್ರಿಯ ಶಕ್ತಿ ಬೇರೆ, ಮಾಟ ಬೇರೆ
ಮಂಡ್ಯದಲ್ಲಿರುವ ನಿಮ್ಮ ದೊಡ್ಡಮ್ಮನಿಗೆ ನೆಂಟರು ಬರುವ ಸುಳಿವು ಮೊದಲೇ ಸಿಗುತ್ತದೆ, ಅದೂ ಮಾಟಮಂತ್ರವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಕಣ್ಣು ಕಿವಿಗಳ ನೆರವಿಲ್ಲದೆ ತಿಳಿಯುವ ಇಂಥದ್ದನ್ನು ಅತೀಂದ್ರಿಯ ಶಕ್ತಿ ಎನ್ನುತ್ತಾರೆ. ದಯವಿಟ್ಟು ಊರಿನಲ್ಲಿ ಆ ಮಾತು ಆಡಬೇಡಿ. ಮಾಟಗಾತಿ ಎಂಬ ಹೆಸರು ಒಮ್ಮೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ.

ಶಕ್ತಿ ಎಲ್ಲಿದೆ ಎಂದು ಜನ ನಂಬುತ್ತಾರೆ, ಅದನ್ನು ನೋಡಿ. ಮಾಟಕ್ಕೆ ಸಾಮಗ್ರಿ ಬೇಕು, ವಿಧಿ ಬೇಕು, ಉದ್ದೇಶ ಬೇಕು: ಅಮಾವಾಸ್ಯೆಯ ರಾತ್ರಿ, ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳು, ಗುರಿಯಾದವರ ತಲೆಗೂದಲು, ಅಕ್ಷರ ತಪ್ಪದೆ ಹೇಳಬೇಕಾದ ಮಂತ್ರ. ಕಲಿತವರು ಯಾರಾದರೂ ಮಾಡಬಹುದು ಎಂಬುದು ಅಲ್ಲಿನ ನಂಬಿಕೆ. ಅತೀಂದ್ರಿಯ ಶಕ್ತಿ ವ್ಯಕ್ತಿಯೊಳಗಿನದು ಎನ್ನುತ್ತಾರೆ. ಸೊಪ್ಪು ಬಿಡಿಸುತ್ತ ಕುಳಿತಾಗ ತಾನಾಗಿ ಹೊಳೆಯುವಂಥದ್ದು.

ಆದರೆ ನಮ್ಮ ಪರಂಪರೆ ಈ ಗೆರೆಯನ್ನು ಇಷ್ಟು ಬಿಗಿಯಾಗಿ ಎಳೆದಿಲ್ಲ. ಪತಂಜಲಿಯ ಯೋಗಸೂತ್ರವು ಹುಟ್ಟು, ಮೂಲಿಕೆ, ಮಂತ್ರ, ತಪಸ್ಸು, ಸಮಾಧಿ ಈ ಐದರಿಂದಲೂ ಸಿದ್ಧಿ ದೊರೆಯುತ್ತದೆ ಎಂದು ಒಂದೇ ಸೂತ್ರದಲ್ಲಿ ಹೇಳಿಬಿಡುತ್ತದೆ.

ನಿಜವೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಜೆ. ಬಿ. ರೈನ್ 1930ರ ದಶಕದಲ್ಲಿ ಐದು ಚಿಹ್ನೆಗಳ 25 ಕಾರ್ಡುಗಳನ್ನಿಟ್ಟು, ಕಾಣದ ಕಾರ್ಡಿನ ಚಿಹ್ನೆಯನ್ನು ಜನ ಹೇಳಬಲ್ಲರೇ ಎಂದು ಪರೀಕ್ಷಿಸಿದರು. ಸುಮ್ಮನೆ ಊಹಿಸಿದರೂ ಸರಾಸರಿ 5 ಸರಿಯಾಗುತ್ತವೆ. ಅದಕ್ಕಿಂತ ಹೆಚ್ಚು ಬಂದಿದೆ ಎಂದು ರೈನ್ ಹೇಳಿದರು. ಬೇರೆಯವರು ಬಿಗಿ ನಿಗಾದಲ್ಲಿ ಮಾಡಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಹಾಗಾಗಿ ನನಗೆ ಎರಡರಲ್ಲೂ ನಂಬಿಕೆಯಿಲ್ಲ.

ದೊಡ್ಡಮ್ಮನ ಊಹೆಗಳನ್ನು ನೆಂಟರು ಬರುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ತಪ್ಪಿದ್ದನ್ನೂ ಬಿಡದೆ. ದೋಷ ಪರಿಹಾರವೆಂದು ಹಣ ಕೇಳುವವರ ಬಳಿಗೆ ಮಾತ್ರ ಅವರನ್ನು ಕರೆದೊಯ್ಯಬೇಡಿ.