ಒಣ ಚರ್ಮಕ್ಕೆ ಎಣ್ಣೆ ಬೇಕು ಸರಿ, ಪರಿಮಳದ ಹನಿ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ಊರು ವಿಜಯಪುರ. ದೀಪಾವಳಿ ಕಳೆದರೆ ಸಾಕು, ಮೊಣಕಾಲಿನ ಕೆಳಗೆ ಚರ್ಮ ಬಿಳಿಚಿಕೊಂಡು ಹೊಟ್ಟು ಉದುರುತ್ತದೆ. ಉಗುರು ತಾಗಿದರೆ ಸ್ಲೇಟಿನ ಮೇಲೆ ಬರೆದ ಹಾಗೆ ಗೆರೆ ಮೂಡುತ್ತದೆ. ರಾತ್ರಿ ತುರಿಕೆ ಜಾಸ್ತಿ. ಮಗಳು ಬೆಂಗಳೂರಿನಿಂದ ಅರೋಮಾಥೆರಪಿ ಎಣ್ಣೆಗಳ ಬಾಕ್ಸ್ ಕಳಿಸಿದ್ದಾಳೆ. ಲ್ಯಾವೆಂಡರ್, ನಿಂಬೆ, ಶ್ರೀಗಂಧ ಇವೆ. ಲ್ಯಾವೆಂಡರ್ ಎರಡು ಹನಿ ನೇರವಾಗಿ ಕಾಲಿಗೆ ಹಚ್ಚಿದೆ, ಉರಿಯಿತು. ನೂರಕ್ಕೆ ನೂರು ಶುದ್ಧ ಅಂತ ಬಾಟಲಿ ಮೇಲೆ ಬರೆದಿದೆ. ಮತ್ಯಾಕೆ ಉರಿ?

ಉತ್ತರ: ಶುದ್ಧವಾಗಿದ್ದಕ್ಕೇ ಉರಿದದ್ದು! ಸದ್ಯ ಆ ಬಾಕ್ಸನ್ನು ಪಕ್ಕಕ್ಕಿಟ್ಟು ಅಡುಗೆಮನೆಗೆ ಹೋಗಿ. ನಿಮ್ಮ ಕಾಲಿಗೆ ಬೇಕಾದ ಎಣ್ಣೆ ಅಲ್ಲೇ ಇದೆ.

ನಿಮ್ಮ ಬಾಕ್ಸಿನಲ್ಲಿರುವಂಥದ್ದನ್ನು ಎಸೆನ್ಶಿಯಲ್ ಆಯಿಲ್ ಅಂತ ಮಾರುತ್ತಾರೆ. ಅದು ನಾವು ತಿನ್ನುವ, ತಲೆಗೆ ಹಚ್ಚುವ ಎಣ್ಣೆಯಂಥದ್ದಲ್ಲ. ಅದರಲ್ಲಿ ಜಿಡ್ಡೇ ಇಲ್ಲ. ಹೂವು, ಎಲೆ, ಕಟ್ಟಿಗೆಯಿಂದ ತೆಗೆದ ಗಟ್ಟಿ ಪರಿಮಳ ಅದು. ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಬಹಳಷ್ಟು ಹಾಗೇ ಆರಿಹೋಗುತ್ತದೆ. ಕೊಬ್ಬರಿ ಎಣ್ಣೆ ಬಿಟ್ಟರೆ ಕಲೆ ಉಳಿಯುತ್ತದೆ. ನಿಮ್ಮ ಚರ್ಮಕ್ಕೆ ಬೇಕಾಗಿರುವುದು ಆ ಕಲೆ ಬಿಡುವ ಜಿಡ್ಡು. ಒಣಗಿ ಬಿರಿದ ಚರ್ಮಕ್ಕೆ ಗಟ್ಟಿ ಪರಿಮಳ ಹಚ್ಚಿದರೆ ಉರಿಯದೆ ಇನ್ನೇನು? ಉರಿಗಿಂತ ನನಗೆ ಹೆಚ್ಚು ಚಿಂತೆ ಅಲರ್ಜಿಯದ್ದು. ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಆಮೇಲೆ ಅದೇ ಪರಿಮಳ ಇರುವ ಸೋಪು, ಪೌಡರ್ ಕೂಡ ಆಗಿಬರುವುದಿಲ್ಲ. ಹಳೆಯ ಲ್ಯಾವೆಂಡರ್ ಬಾಟಲಿ ಇನ್ನೂ ಕೆಟ್ಟದ್ದು. ಗಾಳಿ ತಾಗಿದಷ್ಟೂ ಅದು ಅಲರ್ಜಿ ಮಾಡುವ ಸಾಧ್ಯತೆ ಜಾಸ್ತಿ.

ಈಗ ಕಾಲಿನ ವಿಷಯ. ಮೊಣಕಾಲಿನ ಕೆಳಗೆ ಜಿಡ್ಡಿನ ಗ್ರಂಥಿಗಳೇ ಕಡಿಮೆ. ವಯಸ್ಸಾದಂತೆ ಇರುವ ಜಿಡ್ಡೂ ಇಳಿಯುತ್ತದೆ. ಮೇಲಿಂದ ನಿಮ್ಮ ಕಡೆಯ ಚಳಿಗಾಲದ ಒಣಗಾಳಿ, ಹಂಡೆಯ ಸುಡು ಸುಡು ನೀರು, ಸೋಪು. ಸೋಪನ್ನು ಕಂಕುಳು, ತೊಡೆಸಂದು, ಪಾದಕ್ಕಷ್ಟೇ ಬಳಸಿ. ಧೂಳು ಮೆತ್ತಿರದ ಕಾಲಿಗೆ ಬರೀ ನೀರು ಸಾಕು, ಅದೂ ಉಗುರುಬೆಚ್ಚಗೆ. ಕಲ್ಲಿನಿಂದ ತಿಕ್ಕುವುದು ಬೇಡ.

ಎಣ್ಣೆ ಹಚ್ಚುವ ಹೊತ್ತು ಬಹಳ ಮುಖ್ಯ. ಎಣ್ಣೆಯಲ್ಲಿ ನೀರಿಲ್ಲ. ಚರ್ಮದಲ್ಲಿರುವ ನೀರು ಆರದಂತೆ ಅದು ತಡೆಯುತ್ತದೆ, ಅಷ್ಟೆ. ಒಣಗಿದ ಕಾಲಿಗೆ ಮಧ್ಯಾಹ್ನ ಹಚ್ಚಿದರೆ ಮೇಲೆ ಮಿಂಚು, ಒಳಗೆ ಬರೀ ಒಣ. ಸ್ನಾನ ಮುಗಿದ ಕೂಡಲೇ ಟವೆಲಿನಿಂದ ಒತ್ತಿ, ಮೈ ಇನ್ನೂ ಹಸಿ ಹಸಿ ಇರುವಾಗಲೇ ಹಚ್ಚಿ. ನಮ್ಮ ಅಭ್ಯಂಜನದಲ್ಲೂ ಒಂದು ತೊಡಕಿದೆ. ಮೊದಲು ಎಣ್ಣೆ ಹಚ್ಚಿ, ಆಮೇಲೆ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಅಷ್ಟನ್ನೂ ತೆಗೆದುಬಿಡುತ್ತೇವೆ. ಹಬ್ಬದ ಎಣ್ಣೆಸ್ನಾನ ಬಿಡಬೇಡಿ, ಸುಖ ಸುಖವೇ. ಆದರೆ ಮಿಂದ ಮೇಲೆ ಕಾಲಿಗೆ ಮತ್ತೆ ಹಚ್ಚಿ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ನನ್ನ ಮೊದಲ ಆಯ್ಕೆ. ಸಾಧಾರಣ ಒಣ ಚರ್ಮಕ್ಕೆ ಅದು ಮಿನರಲ್ ಆಯಿಲ್‌ನಷ್ಟೇ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಕೆಲಸ ಮಾಡಿದ್ದನ್ನು ಪರೀಕ್ಷಿಸಿ ನೋಡಿದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದಲ್ಲ, ಚಳಿಗಾಲದ ಬೆಳಿಗ್ಗೆ ಅದೇ ಅನುಕೂಲ. ಬೆರಳತುದಿಯಷ್ಟು ಕೆರೆದು ತೆಗೆದು ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ, ಸೋರುವುದಿಲ್ಲ. ನಿಮ್ಮ ಕಡೆಯ ಕುಸುಬೆ ಎಣ್ಣೆಯೂ ಆಗುತ್ತದೆ. ಅದರಲ್ಲಿ ಲಿನೋಲಿಕ್ ಆಮ್ಲ ಬಹಳ, ಚರ್ಮದ ಹೊರಪದರಕ್ಕೆ ಬೇಕಾದದ್ದು ಅದು. ಕಮಟು ವಾಸನೆ ಬಂದ ಎಣ್ಣೆ ಮಾತ್ರ ಬೇಡ. ಆಲಿವ್ ಎಣ್ಣೆಗೆ ದುಡ್ಡು ಸುರಿಯಬೇಡಿ. ಅದು ಹೊರಪದರವನ್ನು ಸಡಿಲ ಮಾಡುತ್ತದೆ ಅಂತ ತಿಳಿದುಬಂದಿದೆ. ನಿಜ ಹೇಳಬೇಕೆಂದರೆ, ಬರೀ ನೀರು ತಡೆಯುವ ಕೆಲಸದಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯೇ ಇವೆಲ್ಲಕ್ಕಿಂತ ಮುಂದೆ. ನೈಸರ್ಗಿಕ ಅಲ್ಲ ಅನ್ನುವುದೊಂದೇ ಅದರ ತಪ್ಪು!

ಮಗಳು ಪ್ರೀತಿಯಿಂದ ಕಳಿಸಿದ್ದು, ಬಿಸಾಡಿ ಅನ್ನಲಾರೆ. ಪರಿಮಳದಿಂದ ಮನಸ್ಸು ಹಗುರಾಗಿ ನಿದ್ದೆ ಬಂದರೆ ರಾತ್ರಿ ಕೆರೆಯುವುದೂ ಕಡಿಮೆಯಾದೀತು. ಕೋಣೆಯಲ್ಲಿ, ದಿಂಬಿನ ಪಕ್ಕದ ಬಟ್ಟೆಗೆ ಒಂದು ಹನಿ ಸಾಕು. ಮೈಗೇ ಹಚ್ಚಬೇಕು ಅನ್ನಿಸಿದರೆ ಮೊದಲು ಬಿರುಕು, ಉರಿ ವಾಸಿಯಾಗಲಿ. ಆಮೇಲೆ 50 ಮಿಲಿ ಕೊಬ್ಬರಿ ಎಣ್ಣೆಗೆ ಲ್ಯಾವೆಂಡರ್ 5 ಹನಿ, ಹೆಚ್ಚೆಂದರೆ 10. ಅದನ್ನು ಮೊಣಕೈ ಒಳಭಾಗಕ್ಕೆ ಒಂದು ವಾರ ದಿನಕ್ಕೆ ಎರಡು ಸಲ ಹಚ್ಚಿ ನೋಡಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದರೆ ಮಾತ್ರ ಕಾಲಿಗೆ. ನಿಂಬೆ ಎಣ್ಣೆ ಚರ್ಮಕ್ಕೆ ಬೇಡವೇ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳಬಹುದು. ಇನ್ನು ಶ್ರೀಗಂಧ. 1916ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ಕಾರ್ಖಾನೆಯಲ್ಲೇ ಗಂಧದೆಣ್ಣೆ ತೆಗೆದ ನಾಡು ನಮ್ಮದು, ಅದರ ಬೆಲೆ ನಮಗೆ ಗೊತ್ತಿಲ್ವಾ? ನೂರಿನ್ನೂರು ರೂಪಾಯಿಯ ಬಾಟಲಿಯಲ್ಲಿ ಅಸಲಿ ಗಂಧದೆಣ್ಣೆ ಇರುವುದಿಲ್ಲ.

ಎಣ್ಣೆ ಕಾಲಲ್ಲಿ ಬಚ್ಚಲಲ್ಲಿ ಓಡಾಡಬೇಡಿ, ಜಾರುತ್ತದೆ. ಎರಡು ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ, ಬಿರುಕಿನಲ್ಲಿ ರಕ್ತ ಬಂದರೆ, ಗುಳ್ಳೆ ಏನೂ ಇಲ್ಲದೆ ಮೈಯೆಲ್ಲಾ ತುರಿಸಿದರೆ ಡಾಕ್ಟರಿಗೆ ತೋರಿಸಿ. ಶುಗರ್, ಥೈರಾಯ್ಡ್, ಕಿಡ್ನಿ ತೊಂದರೆಯಲ್ಲೂ ಹೀಗಾಗುತ್ತದೆ. ಶುಗರ್ ಇದ್ದವರು ಕಾಲ್ಬೆರಳ ಸಂದಿಗೆ ಎಣ್ಣೆ ಹಚ್ಚಬಾರದು.

ಪ್ರಶ್ನೆ: ನಾಲ್ಕು ತಿಂಗಳ ಮಗುವಿನ ಕೆನ್ನೆ ಒಣಗಿ ಒರಟಾಗಿದೆ. ನೀಲಗಿರಿ ಎಣ್ಣೆ, ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಹಚ್ಚು ಅನ್ನುತ್ತಾರೆ ಅತ್ತೆ. ಹಚ್ಚಬಹುದಾ?

ಉತ್ತರ: ಬೇಡಮ್ಮ. ಎರಡೂ ಸ್ವಲ್ಪ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಕೆನ್ನೆಯ ಎಣ್ಣೆ ಬಾಯಿಗೆ ಹೋಗಲು ಎಷ್ಟು ಹೊತ್ತು? ಏನೂ ಬೆರೆಸದ ಕೊಬ್ಬರಿ ಎಣ್ಣೆಯನ್ನೇ ತೆಳ್ಳಗೆ ಹಚ್ಚಿ. ಅತ್ತೆಗೆ ಬೇಜಾರಾಗದ ಹಾಗೆ ಮಾಲೀಸಿನ ಕೆಲಸ ಅವರಿಗೇ ಬಿಡಿ, ಎಣ್ಣೆ ಬಾಟಲಿ ಮಾತ್ರ ನೀವು ಕೊಡಿ. ಕೆನ್ನೆ ಕೆಂಪಾಗಿ ನೀರು ಒಸರಿದರೆ ಅದು ಬರೀ ಒಣ ಚರ್ಮವಲ್ಲ. ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.