ಕಥೆ ಕಟ್ಟುವವರ ಪ್ರಶ್ನೋತ್ತರ: ಯಾರೂ ನೆನೆಯದ ನಾಯಕ

ಉಪಕಾರ ಮಾಡಿಯೂ ಮನ್ನಣೆ ಕಾಣದ ನಾಯಕ, ನಾಯಕಿಯರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಕಥೆಯಲ್ಲಿ ಅಣೆಕಟ್ಟೆಯ ಕಾವಲುಗಾರನೊಬ್ಬ ಮೇಲಿನವರ ಅಪ್ಪಣೆಗೆ ಕಾಯದೆ ನಡುರಾತ್ರಿ ಗೇಟು ತೆರೆದು ಊರನ್ನು ಉಳಿಸುತ್ತಾನೆ. ಬೆಳಗಾಗುತ್ತಲೇ ಊರಿಗೆ ಊರೇ ಅವನನ್ನು ಬೈದು ಓಡಿಸುತ್ತದೆ. ಹಸ್ತಪ್ರತಿ ಓದಿದವರೆಲ್ಲ ‘ಜನ ಇಷ್ಟು ಕೃತಘ್ನರಾಗಿರುತ್ತಾರೆಯೇ, ನಂಬಲಾಗದು’ ಎಂದರು. ಕಥೆಯ ಜೀವವೇ ಅದಲ್ಲವೇ?

ಉತ್ತರ: ಜೀವ ಅದೇ. ಆದರೆ ಓದಿದವರ ದೂರಿನಲ್ಲೂ ಹುರುಳಿದೆ. ನಿಮ್ಮ ಊರು ಒಂದೇ ಬಾಯಿಯಿಂದ ಬೈಯುತ್ತದೆ, ತೊಡಕು ಅಲ್ಲಿದೆ. ಗುಂಪಿಗೆ ಸಿಟ್ಟು ಬರಬಹುದು, ಕಾರಣ ಇರುವುದು ಒಬ್ಬೊಬ್ಬರಿಗೆ. ಆ ಒಬ್ಬೊಬ್ಬರು ನಿಮ್ಮ ಕಥೆಯಲ್ಲಿ ಇನ್ನೂ ಹುಟ್ಟಿಲ್ಲ.

ಬೇಕಾದ ಕಾರಣಗಳು ನೀವು ಕಟ್ಟಿಕೊಂಡ ಸನ್ನಿವೇಶದಲ್ಲೇ ಬಿದ್ದಿವೆ. ಗೇಟು ತೆರೆಯದಿದ್ದರೆ ಬರುತ್ತಿದ್ದ ಪ್ರವಾಹವನ್ನು ಯಾರೂ ನೋಡಿಲ್ಲ. ತೆರೆದದ್ದರಿಂದ ಮುಳುಗಿದ ತಗ್ಗಿನ ಹೊಲಗಳನ್ನು ಎಲ್ಲರೂ ನೋಡಿದ್ದಾರೆ. ಆಗದೇ ಹೋದ ಅನಾಹುತಕ್ಕೆ ಸಾಕ್ಷಿಯಿಲ್ಲ, ಆದ ನಷ್ಟಕ್ಕೆ ಬೇಕಾದಷ್ಟಿದೆ. ಇದನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ; ಕಡಿಮೆಯೆಂದರೂ ಒಂದು ಪುಟ ಕೊಡಿ. ಇನ್ನು, ಅಪ್ಪಣೆ ಕೊಡಬೇಕಿದ್ದ ಮೇಲಧಿಕಾರಿ. ಕಾವಲುಗಾರ ಮಾಡಿದ್ದು ಸರಿ ಎಂದು ಅವನು ಒಪ್ಪಿದರೆ, ಆ ಹೊತ್ತಿನಲ್ಲಿ ತಾನು ಎಲ್ಲಿದ್ದೆ ಎಂದೂ ಹೇಳಬೇಕಾಗುತ್ತದೆ. ಉಪಕಾರವನ್ನು ಒಪ್ಪಿಕೊಂಡರೆ ತನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿ ಬರುವ ಪಾತ್ರ: ಈ ಬಗೆಯ ಕಥೆಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ.

ಹೀಗೆ ಮಾಡಿ ನೋಡಿ. ಊರಿನವರಲ್ಲಿ ಮೂವರನ್ನು ಆರಿಸಿ: ನಷ್ಟವಾದವರು ಒಬ್ಬರು, ಬದುಕಿ ಉಳಿದವರು ಒಬ್ಬರು, ಅಧಿಕಾರದಲ್ಲಿರುವವರು ಒಬ್ಬರು. ಕಾವಲುಗಾರನಿಗೆ ತಾನೇಕೆ ಕೃತಜ್ಞತೆ ಹೇಳಲಿಲ್ಲ ಎಂಬುದನ್ನು ಒಬ್ಬೊಬ್ಬರ ಬಾಯಲ್ಲೇ 100ರಿಂದ 150 ಪದಗಳಲ್ಲಿ ಬರೆಯಿರಿ. ಇದು ಕಥೆಗೆ ಸೇರುವ ಭಾಗವಲ್ಲ, ನಿಮ್ಮ ಕಡತಕ್ಕೆ. ಓದಿದಾಗ ಮೂರೂ ಮಾತು ‘ಹೌದಲ್ಲ, ಇವರ ಜಾಗದಲ್ಲಿದ್ದರೆ ಯಾರಿಗಾದರೂ ಹಾಗೇ ಅನ್ನಿಸೀತು’ ಎನ್ನುವಂತಿರಬೇಕು. ಯಾರದಾದರೂ ಮಾತು ‘ಅವನನ್ನು ಕಂಡರೆ ನನಗಾಗದು’ ಎಂಬಲ್ಲಿಗೇ ನಿಂತರೆ ಕಾರಣ ಇನ್ನೂ ಸಿಕ್ಕಿಲ್ಲವೆಂದು ತಿಳಿಯಿರಿ. ಮೂರರಲ್ಲಿ ಎರಡನ್ನು ಮಾತ್ರ ಕಥೆಯಲ್ಲಿ ಬಳಸಿ. ಮೂರನ್ನೂ ತುರುಕಿದರೆ ಸಣ್ಣಕಥೆ ವಾದಪಟ್ಟಿಯಾಗುತ್ತದೆ.

ಕಾರಣ ಎಷ್ಟು ನಿಷ್ಠುರವಾಗಿರಬಹುದು ಎಂಬುದಕ್ಕೆ ಮಹಾಭಾರತದ ದ್ರೋಣಪರ್ವದ ಘಟೋತ್ಕಚನಿದ್ದಾನೆ. ಕರ್ಣ ಇಂದ್ರನಿಂದ ಪಡೆದ ಶಕ್ತ್ಯಾಯುಧವನ್ನು ಒಂದೇ ಸಲ ಪ್ರಯೋಗಿಸಬಹುದು, ಅದನ್ನವನು ಎತ್ತಿಟ್ಟಿದ್ದು ಅರ್ಜುನನಿಗೆಂದು. ರಾತ್ರಿಯುದ್ಧದಲ್ಲಿ ಘಟೋತ್ಕಚನ ಹೊಡೆತ ತಾಳಲಾರದೆ ಕೌರವರು ಒತ್ತಾಯಿಸಿದಾಗ ಅದನ್ನು ಅವನ ಮೇಲೆ ಬಿಡಬೇಕಾಗುತ್ತದೆ. ಬೀಳುವಾಗಲೂ ಘಟೋತ್ಕಚ ಮೈಯನ್ನು ಬೆಳೆಸಿ ಶತ್ರುಸೇನೆಯ ಮೇಲೆಯೇ ಬೀಳುತ್ತಾನೆ. ಪಾಂಡವರು ಕಣ್ಣೀರಿಡುತ್ತಿದ್ದರೆ ಕೃಷ್ಣ ಹಿಗ್ಗಿ ಕುಣಿಯುತ್ತಾನೆ, ಅರ್ಜುನ ಉಳಿದನೆಂದು. ಅಷ್ಟಕ್ಕೇ ನಿಲ್ಲದೆ, ಕರ್ಣ ಕೊಲ್ಲದಿದ್ದರೆ ಯಜ್ಞದ್ವೇಷಿಯಾದ ಇವನನ್ನು ತಾನೇ ಕೊಲ್ಲಬೇಕಾಗುತ್ತಿತ್ತು ಎನ್ನುತ್ತಾನೆ. ಆ ಮಾತಿನಲ್ಲಿ ತರ್ಕ ಎಲ್ಲೂ ತಪ್ಪಿಲ್ಲ, ಸತ್ತವನಿಗೆ ಮಾತ್ರ ಅದರೊಳಗೆ ಜಾಗವಿಲ್ಲ. ಕೃಷ್ಣನ ಬದಲು ಯಾರೋ ಒಬ್ಬ ದುಷ್ಟ ಹೀಗೆಂದಿದ್ದರೆ ಓದುಗ ಅವನನ್ನು ಶಪಿಸಿ ಮುಂದೆ ಹೋಗುತ್ತಿದ್ದ.

ಪ್ರಶ್ನೆ: ಅವಮಾನದ ಪ್ರಸಂಗಗಳು ಎಷ್ಟಿರಬೇಕು? ನನ್ನ ಕಥೆಯಲ್ಲಿ ಏಳಿವೆ.

ಉತ್ತರ: 3000 ಪದಗಳ ಕಥೆಗೆ ಮೂರು ಸಾಕು. ಏಳರಲ್ಲಿ ನಾಲ್ಕು ಒಂದೇ ಬಗೆಯವಾಗಿರುತ್ತವೆ; ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಓದುಗನಿಗೆ ಮುಂದಿನದು ಗೊತ್ತಾಗಿ ಮನಸ್ಸು ಮರಗಟ್ಟುತ್ತದೆ. ಮೂರನ್ನು ಆರಿಸುವಾಗ ದೂರದವರಿಂದ ಹತ್ತಿರದವರ ಕಡೆಗೆ ಬನ್ನಿ: ಮೊದಲು ಅಪರಿಚಿತ, ಆಮೇಲೆ ಜೊತೆಯಲ್ಲಿ ದುಡಿಯುವವನು, ಕೊನೆಗೆ ಮನೆಯವರು. ದನಿ ಮಾತ್ರ ಇಳಿಯುತ್ತ ಬರಲಿ. ಅಪರಿಚಿತ ಕೂಗಾಡಲಿ, ಜೊತೆಗಾರ ನಕ್ಕು ಮಾತು ಬದಲಿಸಲಿ, ಹೆಂಡತಿ ಏನೂ ಕೇಳದಿರಲಿ.

ನಡುವೆ ಎಲ್ಲಾದರೂ ಒಂದು ಕಡೆ, ನಾಲ್ಕು ಸಾಲಿಗೆ ಮೀರದಂತೆ, ಅವನನ್ನು ಸರಿಯಾಗಿ ಕಾಣುವ ಒಬ್ಬರು ಬರಲಿ. ಅವರ ಮಾತಿಗೆ ಊರಿನಲ್ಲಿ ಬೆಲೆಯಿರಬಾರದು, ಮಗುವೋ ದಾರಿಹೋಕನೋ ಆಗಲಿ. ಹೀಗೆ ಒಂದು ಕಿಟಕಿ ತೆರೆಯದಿದ್ದರೆ ಕಥೆ ಉಸಿರುಗಟ್ಟುತ್ತದೆ.

ಪ್ರಶ್ನೆ: ನಾಯಕಿ ಪೂರ್ತಿ ಒಳ್ಳೆಯವಳಾಗಿರಬೇಕೇ?

ಉತ್ತರ: ಬೇಡ. ಒರಟು ಮಾತು, ತಾನೇ ಸರಿ ಎಂಬ ಹಟ, ನೆರವು ಕೇಳದ ಬಿಗುಮಾನ ಇವುಗಳಲ್ಲಿ ಒಂದನ್ನು ಕೊಡಿ. ಜನರಿಗೆ ಅದು ನೆಪವಾಗಬೇಕು, ನ್ಯಾಯವಾಗಬಾರದು.

ಪ್ರಶ್ನೆ: ನಾಯಕಿಯೇ ‘ನಾನು’ ಎಂದು ಕಥೆ ಹೇಳುತ್ತಾಳೆ. ಎಷ್ಟು ತಿದ್ದಿದರೂ ಗೋಳಾಟದಂತೆ ಕೇಳಿಸುತ್ತದೆ.

ಉತ್ತರ: ‘ನಾನು’ ಹೇಳುವ ಕಥೆಯಲ್ಲಿ ಮಾಡಿದ ಉಪಕಾರವನ್ನೂ ಅವಳೇ ಹೇಳಬೇಕು, ಸಿಗದ ಮನ್ನಣೆಯನ್ನೂ ಅವಳೇ ಹೇಳಬೇಕು. ಎರಡನ್ನೂ ಒಂದೇ ಬಾಯಿ ಹೇಳಿದರೆ ಅದು ಎತ್ತಿ ಆಡಿದಂತೆಯೇ ಕೇಳಿಸುತ್ತದೆ. ನಮ್ಮ ಮೊದಲ ಸಲಹೆ, ನಿರೂಪಕರನ್ನೇ ಬದಲಿಸಿ. ಅವಳಿಂದ ಉಪಕಾರ ಪಡೆದು, ಮಾತಾಡಬೇಕಾದಲ್ಲಿ ಸುಮ್ಮನಿದ್ದವರೊಬ್ಬರು ಹೇಳಲಿ. ಅವರು ತಮ್ಮನ್ನು ಸಮರ್ಥಿಸಿಕೊಳ್ಳುತ್ತ ಹೋದಷ್ಟೂ ಅವಳು ತಾನಾಗಿ ಎತ್ತರವಾಗುತ್ತಾಳೆ, ನೀವು ಹೊಗಳುವ ಪ್ರಮೇಯವೇ ಬರುವುದಿಲ್ಲ.

‘ನಾನು’ ಬೇಕೇ ಬೇಕೆಂದರೆ ಹಸ್ತಪ್ರತಿಯಲ್ಲಿ ‘ಇಷ್ಟೆಲ್ಲ ಮಾಡಿದರೂ’, ‘ಒಬ್ಬರಾದರೂ’, ‘ನನಗೆ ಯಾರಿದ್ದಾರೆ’ ಎಂಬಂಥ ನುಡಿಗಳಿರುವ ವಾಕ್ಯಗಳಿಗೆಲ್ಲ ಗೆರೆ ಹಾಕಿ, ಅವನ್ನು ಬಿಟ್ಟು ಓದಿ. ಸಾಮಾನ್ಯವಾಗಿ ಕಥೆಗೆ ಯಾವ ಕುಂದೂ ಬರುವುದಿಲ್ಲ. ಖಾಲಿಯಾದ ಜಾಗದಲ್ಲಿ ಅವಳ ಕೆಲಸವನ್ನು ಬರೆಯಿರಿ: ಕೈ ಏನು ಮಾಡುತ್ತಿತ್ತು, ಯಾವುದು ಮುರಿಯಿತು, ಎಷ್ಟು ಹೊತ್ತು ಹಿಡಿಯಿತು. ಅವಳು ಬಯಸುವುದೂ ಚಿಕ್ಕದಾಗಿರಲಿ. ಊರಿನ ಸನ್ಮಾನ ಬಯಸುವವಳಿಗಿಂತ, ತನ್ನ ಹೆಸರನ್ನು ಒಂದು ಸಲ ಸರಿಯಾಗಿ ಕರೆಯಲಿ ಎಂದು ಕಾಯುವವಳು ಓದುಗನನ್ನು ಹೆಚ್ಚು ಕಾಡುತ್ತಾಳೆ.

‘ಅವನು’, ‘ಅವಳು’ ಎಂದು ಪ್ರಥಮ ಪುರುಷದಲ್ಲಿ ಬರೆಯುವವರಿಗೆ ಇನ್ನೊಂದು ದಾರಿಯಿದೆ. ಪಾತ್ರಗಳು ಕೊಡದ ಮನ್ನಣೆಯನ್ನು ನಿರೂಪಕ ಕೊಡಬಹುದು, ಒಂದೇ ಸಲ, ಅದೂ ತಡವಾಗಿ. ಹತ್ತನೆಯ ಶತಮಾನದಲ್ಲಿ ಪಂಪ ಬರೆದ ಭಾರತದ ನಾಯಕ ಅರ್ಜುನ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಿಗೆ ಸಮಮಾಡಿ ಕಟ್ಟಿದ ಕಾವ್ಯ ಅದು. ಅಂಥದರಲ್ಲೂ ಕರ್ಣ ಸತ್ತಮೇಲೆ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಕವಿ ಒಂದು ಪದ್ಯದಲ್ಲಿ ಹೇಳಿದ್ದಾನೆ. ಮೊದಲಿನಿಂದಲೂ ಹಾಡಿ ಹೊಗಳಿಕೊಂಡು ಬಂದಿದ್ದರೆ ಆ ಪದ್ಯಕ್ಕೆ ಈ ತೂಕ ಬರುತ್ತಿರಲಿಲ್ಲ.

ಪ್ರಶ್ನೆ: ಕೊನೆಗಾದರೂ ಮನ್ನಣೆ ಸಿಗಬೇಕೇ? ಸಿಕ್ಕರೆ ಸಿನಿಮೀಯ, ಸಿಗದಿದ್ದರೆ ನಿರಾಶೆ ಎನ್ನುತ್ತಾರೆ.

ಉತ್ತರ: ಸಿಗಲಿ, ಸಿಗದಿರಲಿ, ಎರಡೂ ನಡೆಯುತ್ತದೆ. ಕೆಡುವುದು ಊರಿನವರೆಲ್ಲ ಸೇರಿ ತಲೆತಗ್ಗಿಸಿ ಕ್ಷಮೆ ಕೇಳುವ ದೃಶ್ಯದಿಂದ. ಅದುವರೆಗೆ ಒಬ್ಬೊಬ್ಬರಿಗೂ ಕೊಟ್ಟ ಕಾರಣ ಅಲ್ಲಿ ಒಂದೇ ಏಟಿಗೆ ಸುಳ್ಳಾಗುತ್ತದೆ.

ವಿರಾಟಪರ್ವವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಬೃಹನ್ನಳೆಯ ವೇಷದ ಅರ್ಜುನ ಕೌರವಸೇನೆಯನ್ನು ಸೋಲಿಸಿ ಗೋವುಗಳನ್ನು ಬಿಡಿಸುತ್ತಾನೆ, ಗೆಲುವು ಉತ್ತರಕುಮಾರನ ಹೆಸರಿಗೆ ಹೋಗುತ್ತದೆ. ಪಗಡೆಯ ಮುಂದೆ ಕೂತ ವಿರಾಟ ಮಗನನ್ನು ಕೊಂಡಾಡುತ್ತಿರುವಾಗ, ಕಂಕನಾಗಿದ್ದ ಧರ್ಮರಾಯ ಬೃಹನ್ನಳೆ ಜೊತೆಗಿದ್ದ ಮೇಲೆ ಗೆಲ್ಲದಿರುವುದುಂಟೇ ಎನ್ನುತ್ತಾನೆ. ದೊರೆ ಎಸೆದ ದಾಳ ಮುಖಕ್ಕೆ ಬಡಿದು ನೆತ್ತರು ಸುರಿಯುತ್ತದೆ. ಸೈರಂಧ್ರಿಯಾಗಿದ್ದ ದ್ರೌಪದಿ ಅದು ನೆಲಕ್ಕೆ ಬೀಳದಂತೆ ಪಾತ್ರೆಯಲ್ಲಿ ಹಿಡಿಯುತ್ತಾಳೆ. ಏಟು ಬಿದ್ದದ್ದು ಗೆದ್ದವನಿಗಲ್ಲ, ನಿಜ ಹೇಳಿದವನಿಗೆ. ‘ಗೆದ್ದದ್ದು ನಾನಲ್ಲ’ ಎಂದು ಮೊದಲು ಬಾಯಿಬಿಟ್ಟವನು ಪುಕ್ಕಟೆ ಕೀರ್ತಿ ಸಿಕ್ಕಿದ್ದ ಉತ್ತರನೇ. ಗುರುತು ಬಯಲಾದ ಮೇಲೆ ವಿರಾಟ ಮಗಳನ್ನು ಅರ್ಜುನನಿಗೆ ಕೊಡಲು ಮುಂದಾಗುತ್ತಾನೆ. ಅರ್ಜುನ ಅವಳನ್ನು ಸೊಸೆಯಾಗಿ ಒಪ್ಪಿಕೊಳ್ಳುತ್ತಾನೆ. ಮನ್ನಣೆ ಬಂತು, ಕೊಟ್ಟವನು ಎಣಿಸಿದ ರೂಪದಲ್ಲಿ ಮಾತ್ರ ಸಲ್ಲಲಿಲ್ಲ. ಹೀಗೆ ಸ್ವಲ್ಪ ಓರೆಯಾಗಿ ಬಂದ ಮನ್ನಣೆಯನ್ನು ಓದುಗ ನಂಬುತ್ತಾನೆ.

ಅಣೆಕಟ್ಟೆಯ ಕಥೆ ಬರೆದವರಿಗೂ ಇದೇ ಮಾತು. ಮನ್ನಣೆ ಬೇಕೆನ್ನಿಸಿದರೆ ಊರಲ್ಲಿ ಒಬ್ಬರಿಂದ, ಮಾತಿಲ್ಲದ ಒಂದು ಕೆಲಸದ ಮೂಲಕ ಬರಲಿ. ಹೊಲ ಕಳೆದುಕೊಂಡವನೇ ಬಂದರೆ ಇನ್ನೂ ಒಳ್ಳೆಯದು. ಅದನ್ನು ಕೊನೆಯ ಪುಟಕ್ಕೆ ಉಳಿಸಿಕೊಳ್ಳಬೇಡಿ, ಅದಕ್ಕೆ ಎರಡು ಪುಟ ಮೊದಲೇ ಮುಗಿಸಿ. ಉಳಿದ ಎರಡು ಪುಟಗಳಲ್ಲಿ ನೀರು ಮತ್ತೆ ಏರಲಿ, ಈ ಸಲ ಗೇಟಿನ ಬಳಿ ಯಾರಿದ್ದಾರೆ, ಏನು ಮಾಡುತ್ತಾರೆ ಎಂಬುದನ್ನು ತೋರಿಸಿ.